ವರನ ಹಲ್ಲು ನೋಡಲು ಕೆನಡಾಕ್ಕೆ ಹೋದದ್ದು

ಶಹಾಪುರ

ಒಬ್ಬ ಮನುಷ್ಯನ ಬಾಯಲ್ಲಿ ಹಲ್ಲು ಇವೆಯೋ ಇಲ್ಲವೋ ಎಂದು ನೋಡಿಕೊಂಡು ಬರಲು ನಾನು ಕೆನಡಾಕ್ಕೆ ಹೋಗಿದ್ದೆ. ಕೇಳಿದವರಿಗೆಲ್ಲ ‘ಸೊಸೆಯನ್ನು ಮಾತಾಡಿಸಿ ಬರಲು’ ಎಂದು ಹೇಳುತ್ತಿದ್ದೆ. ಅದೂ ಸುಳ್ಳಲ್ಲ. ಆದರೆ ಅಕ್ಕ ನನ್ನನ್ನು ಕಳಿಸಿದ್ದು ಹಲ್ಲಿಗಾಗಿ.

ಅಕ್ಕ ಇರುವುದು ರಂಗಂಪೇಟೆಯಲ್ಲಿ. ಅವಳ ಮಗಳು ಗಂಗೂ, ಅಂದರೆ ನನ್ನ ಸೋದರಸೊಸೆ, ಕೆನಡಾದ ಒಂದು ಬಯಲುಸೀಮೆಯ ಊರಿನ ಆಸ್ಪತ್ರೆಯಲ್ಲಿ ನರ್ಸ್. ಊರಿನ ಹೆಸರು ಎಲ್ಲೂ ಬರೆಯಬಾರದೆಂದು ಅವಳೇ ತಾಕೀತು ಮಾಡಿದ್ದಾಳೆ. ಅಲ್ಲಿ ಎರಿಕ್ ಎಂಬವನನ್ನು ಅವಳು ಮೆಚ್ಚಿಕೊಂಡಿದ್ದಳು. ಅವನು ಐಸ್ ಹಾಕಿ ಆಟಗಾರ. ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೇ ಆಡುವವನು. ಗೋಲಿನ ಮೇಲೆ ಗೋಲು ಹೊಡೆಯುವ ಫಾರ್ವರ್ಡ್ ಎಂದು ಆ ಸೀಮೆಯಲ್ಲೆಲ್ಲ ಹೆಸರುವಾಸಿ. ಗಂಗೂ ಅವನ ಫೋಟೋಗಳನ್ನು ರಾಶಿ ರಾಶಿ ಕಳಿಸಿದಳು. ಎಲ್ಲದರಲ್ಲೂ ಅವನು ತುಟಿ ಬಿಗಿದುಕೊಂಡೇ ನಗುತ್ತಿದ್ದ.

“ಬಾಯಿ ಮುಚ್ಚಿಕೊಂಡು ನಗೋ ಮಂದೀನ ನಾ ನಂಬಂಗಿಲ್ಲ ನೋಡು,” ಎಂದಳು ಅಕ್ಕ. “ಏನೋ ಮುಚ್ಚಿಡಾಕತ್ತಾನ. ಒಂದೋ ಬಾಯಾಗ ಹಲ್ಲಿಲ್ಲ, ಇಲ್ಲಾ ಮನಸ್ಸಿನ್ಯಾಗ ಏನರೆ ಅದ. ತಮ್ಮಾ, ನೀ ಹೋಗಿ ನೋಡಿ ಬಾ.”

“ನಾ ಯಾಕ ಅಕ್ಕಾ?”

“ನೀ ಸೋದರಮಾವ. ಮತ್ತ ನೀನೂ ಹಾಕಿ ಆಡಿದವ.”

ಎರಡನೆಯ ಕಾರಣ ಕೇಳಿ ನನ್ನ ಹೆಂಡತಿ ಒಳಗೆ ಹೋಗಿ ನಕ್ಕಳು. ನಾನು ಶಹಾಪುರದ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರನಾಗಿ ನಿವೃತ್ತನಾದವನು. ಕಾಲೇಜಿನಲ್ಲಿ ಹಾಕಿ ಆಡಿದ್ದು ನಿಜ, ಆದರೆ ಗೋಲ್‌ಕೀಪರ್ ಆಗಿ. ಉಳಿದ ಯಾವ ಜಾಗದಲ್ಲಿ ನಿಲ್ಲಿಸಿದರೂ ಇವನು ಓಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ನಾನು ಕಂಡ ಫಾರ್ವರ್ಡ್‌ಗಳೆಲ್ಲ ಒಂದೇ ಥರ. ಬಿಸಿಲಲ್ಲಿ ಒಣಗುತ್ತ ನಿಂತವನ ಎರಡು ಕಾಲಿನ ನಡುವೆ ಚೆಂಡು ತೂರಿಸಿ, ಕೈ ಮೇಲೆತ್ತಿಕೊಂಡು ಓಡುವವರು. ಹೆಣ್ಣು ಕೊಡುವ ಮಾತು ಹಾಗಿರಲಿ, ಅಂಥವರಿಗೆ ನೀರು ಕೊಡುವಾಗಲೂ ನನಗೆ ಮನಸ್ಸಿರುತ್ತಿರಲಿಲ್ಲ.

ಅಕ್ಕ ಒಂದು ಬಿಳಿ ಗಾಂಧಿ ಟೋಪಿ, ಕೆಂಪು ಅಂಚಿನ ಟವೆಲ್, ಒಂದು ತೆಂಗಿನಕಾಯಿ ಕಟ್ಟಿಕೊಟ್ಟಳು. ನಮ್ಮ ಕಡೆ ಮದುವೆ ಮುಂಜಿಯಲ್ಲಿ ಬೇಕಾದವರಿಗೆ ಟೋಪಿ-ಟವೆಲ್ ಕೊಡುವುದೇ ದೊಡ್ಡ ಮರ್ಯಾದೆ. ನಮ್ಮ ಮನೆತನದಲ್ಲಂತೂ ಸೋದರಮಾವ ವರನ ತಲೆಗೆ ಟೋಪಿ ಇಟ್ಟನೆಂದರೆ ಹೆಣ್ಣಿನ ಕಡೆಯವರು ಒಪ್ಪಿದಂತೆ. ಆಮೇಲೆ ಯಾರೂ ಮಾತು ತಿರುಗಿಸುವಂತಿಲ್ಲ.

“ಹಲ್ಲ ನೋಡು, ಮನಸ್ಸು ನೋಡು, ನನಗೊಂದು ಫೋನ್ ಮಾಡು, ಆಮ್ಯಾಲ ಇಡು ಟೊಪಗಿ,” ಎಂದಳು ಅಕ್ಕ. “ಗಡಿಬಿಡಿ ಮಾಡಬ್ಯಾಡ.”

ಚಳಿಗೆಂದು ನಮ್ಮೂರ ದರ್ಜಿ ಮಹಬೂಬ್‌ಸಾಬ್ ಒಂದು ಕೋಟು ಹೊಲಿದುಕೊಟ್ಟ. ಅವನು ಜೀವನವಿಡೀ ಯೂನಿಫಾರ್ಮ್ ಹೊಲಿದವನು, ಕೋಟೂ ಹಾಗೇ ಬಂತು, ಅಪ್ಪಟ ಖಾಕಿ. ಒಳಗೆ ಕಂಬಳಿ ಇಟ್ಟಿದ್ದ, ಆಡಿನ ಮರಿ ಹಿಡಿಸುವಷ್ಟು ದೊಡ್ಡದೊಂದು ಕಿಸೆ ಇಟ್ಟಿದ್ದ. “ಮಾಸ್ಟರ್‌ಸಾಬ್, ಇಸ್ಕು ಪೆನ್ಕೊ ಜಾವ್, ಬರಫ್ ಕು ಪಸೀನಾ ಆತಾ,” ಎಂದ. ಇದನ್ನು ಹಾಕಿಕೊಂಡು ಹೋಗು, ಹಿಮಕ್ಕೇ ಬೆವರು ಬರುತ್ತದೆ ಎಂದು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಬೆವರು ಬಂದದ್ದು ನನಗೆ.

ವಿಮಾನ ನಿಲ್ದಾಣ

ತಪಾಸಣೆಯ ಹೆಣ್ಣುಮಗಳು ನನ್ನ ಟೋಪಿಯನ್ನು ಬಿಡಿಸಿ ನೋಡಿದಳು, ಮಡಚಿದಳು, ಮತ್ತೆ ಬಿಡಿಸಿದಳು. ಟವೆಲನ್ನು ಕೊಡವಿದಳು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಮ್ಮ ಸಂತೆಯಲ್ಲಿ ಹೆಂಗಸರು ಮಾಡುವುದೂ ಅದನ್ನೇ ಆದ್ದರಿಂದ ಆಕೆಯ ಮೇಲೆ ನನಗೆ ಗೌರವ ಬಂತು. ಆದರೆ ಸಂತೆಯಲ್ಲಿ ಬೇಡವಾದರೆ ಕಾಯಿ ತಿರುಗಿ ಕೊಡುತ್ತಾರೆ. ಈಕೆ ಇಟ್ಟುಕೊಂಡಳು.

ನನ್ನದು ಪೂರಾ ಡ್ರಿಲ್ ಇಂಗ್ಲಿಷ್. ಅಟೆನ್ಶನ್, ಸ್ಟ್ಯಾಂಡ್ ಅಟ್ ಈಸ್, ಅಬೌಟ್ ಟರ್ನ್. ಇಷ್ಟರಲ್ಲಿ ತೆಂಗಿನಕಾಯಿಯ ಮಹತ್ವ ವಿವರಿಸಲು ಆಗುವುದಿಲ್ಲ. ಕೊನೆಗೆ “ಮ್ಯಾರೇಜ್” ಎಂದೆ. ಆಕೆ ನನ್ನ ಬಿಳಿ ಮೀಸೆಯನ್ನು ಒಮ್ಮೆ ನೋಡಿ, ಕೈ ಕುಲುಕಿ, ನನಗೇ ಶುಭ ಕೋರಿದಳು.

ಹೊರಗೆ ಗಂಗೂ ನಿಂತಿದ್ದಳು, ಪಕ್ಕದಲ್ಲಿ ಎರಿಕ್. ಮೊದಲೇ ಕಲಿಸಿಟ್ಟಿದ್ದಳೆಂದು ಕಾಣುತ್ತದೆ, ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಬಗ್ಗುವಾಗ ಅವನ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರ್ ಎಂದಿತು. ಎದ್ದು ನಿಂತ ಕೂಡಲೇ ನಾನು ಅವನ ಬಾಯಿ ನೋಡಿದೆ. ಬಾಯಿಯೇ ಇರಲಿಲ್ಲ. ಕಣ್ಣಿನ ಕೆಳಗೆಲ್ಲ ಮಫ್ಲರ್. ಸುತ್ತ ನೋಡಿದರೆ ಆ ಊರಲ್ಲಿ ಯಾರಿಗೂ ಬಾಯಿ ಇರಲಿಲ್ಲ.

ನಿಲ್ದಾಣದ ಬಾಗಿಲು ದಾಟಿದ್ದೇ ತಡ, ಕಾರಣ ತಿಳಿಯಿತು. ಮೂಗಿನೊಳಗಿನ ಕೂದಲು ಮುಳ್ಳಿನ ಹಾಗೆ ನೆಟ್ಟಗಾದವು. ಮಹಬೂಬ್‌ಸಾಬನ ಕೋಟಿಗೆ ಹಿಮ ಬೆವರಲಿಲ್ಲ, ನಕ್ಕಿರಬೇಕು. ನಾನು ಮಾನ ಮರ್ಯಾದೆ ಬಿಟ್ಟು, ವರನಿಗೆಂದು ತಂದ ಟವೆಲನ್ನು ನನ್ನ ಕಿವಿಗೇ ಸುತ್ತಿಕೊಂಡೆ. ಅಂದಿನಿಂದ ಹೊರಗೆ ಹೋದಾಗಲೆಲ್ಲ ಅದು ಅಲ್ಲೇ ಇತ್ತು. ಟೋಪಿ ಮಾತ್ರ ಕೋಟಿನ ದೊಡ್ಡ ಕಿಸೆಯಲ್ಲಿ ಭದ್ರವಾಗಿತ್ತು. ಅದೇನು, ಯಾತಕ್ಕೆ ಎಂಬುದನ್ನೆಲ್ಲ ಗಂಗೂ ಎರಿಕ್‌ಗೆ ಹೇಳಿಬಿಟ್ಟಿದ್ದಳು. ನನ್ನೊಡನೆ ಮಾತಾಡುವಾಗ ಅವನು ಮುಖ ನೋಡುತ್ತಿದ್ದುದಕ್ಕಿಂತ ಕಿಸೆ ನೋಡುತ್ತಿದ್ದುದೇ ಹೆಚ್ಚು.

ಗಂಗೂನ ಅಡುಗೆಮನೆ

ಮಾರನೆಯ ದಿನ ಊಟಕ್ಕೆ ಎರಿಕ್ ಬಂದ. ಮನೆಯಿಂದ ನಾನು ಕಟ್ಟಿಕೊಂಡು ಹೋಗಿದ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಎಲ್ಲ ಗಂಗೂ ಬಡಿಸಿದಳು. ಅವನು ಬಾಯಿ ತೆರೆಯುವ ಗಳಿಗೆಯನ್ನು ಕಾಯುತ್ತ ನಾನು ಎದುರಿಗೇ ಕೂತಿದ್ದೆ. ಅವನು ಮಾತಾಡಿದಾಗ ಹಲ್ಲು ಕಂಡವು. ಬಿಳಿ, ನೇರ, ಸಾಲಾಗಿ. ಅಕ್ಕನಿಗೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ.

ಎರಿಕ್ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಅದು ಹಲಗೆಯ ಹಾಗೆ ಟಕ್ ಎಂದಿತು. ಅವನು ಗಂಗೂನ ಮುಖ ನೋಡಿದ, ನನ್ನ ಕಡೆ ತಿರುಗಿ ‘ಸಾರಿ ಸರ್’ ಎಂದ, ಬಾಯಿಗೆ ಬೆರಳು ಹಾಕಿ ಮೇಲಿನ ಸಾಲಿನ ಮುಂದಿನ ಹಲ್ಲುಗಳಷ್ಟನ್ನೂ ಒಟ್ಟಿಗೆ ತೆಗೆದು ನೀರಿನ ಗ್ಲಾಸಿನಲ್ಲಿ ಹಾಕಿದ. ಆಮೇಲೆ ದವಡೆಯ ಕಡೆಗೆ ರೊಟ್ಟಿ ಸರಿಸಿಕೊಂಡು ಕಟಕಟ ತಿನ್ನತೊಡಗಿದ. ನಾನು ಗಾಬರಿಯಾಗಿ ನೀರು ಕುಡಿಯಲು ಗ್ಲಾಸು ಎತ್ತಿದೆ. ತುಟಿಗೆ ಏನೋ ತಾಗಿತು. ಅದು ನನ್ನ ಗ್ಲಾಸಾಗಿರಲಿಲ್ಲ.

“ಮಾಮಾ, ಸಿಟ್ಟ ಮಾಡಬ್ಯಾಡ್ರಿ,” ಎಂದಳು ಗಂಗೂ. “ಅಂವ ಈ ಕಟ್ಟಿಸಿದ ಹಲ್ಲ ಬಿಚ್ಚಿಟ್ಟೇ ಫೋಟೋಕ್ಕ ನಿಂದ್ರತಿದ್ದ, ಬಾಯಿ ಮುಚ್ಚಿ ತಗಸು ಅಂತ ನಾನೇ ಹೇಳೀನಿ. ಅವ್ವ ಹಲ್ಲ ನೋಡ್ತಾಳಂತ ನನಗ ಗೊತ್ತಿತ್ತು. ಅಂವ ಮುಚ್ಚಿಡೋ ಮನಿಷ್ಯಾ ಅಲ್ಲ.”

ಮುಚ್ಚಿಡುವುದಿರಲಿ, ಎರಿಕ್ ಬೊಚ್ಚು ಬಾಯಿ ತೆರೆದು, ಒಂದೊಂದೇ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸುತ್ತ, ನಮ್ಮಲ್ಲಿ ಹೊಲದ ಬದು ತೋರಿಸುವ ಹಾಗೆ ವಿವರಿಸಿದ. ಇದು ಎದುರಾಳಿಯ ಕೋಲು ಬಡಿದು ಹೋದದ್ದು. ಇದು ಅವರ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ ಬಡಿದು. ಇದು ತನ್ನದೇ ತಂಡದವನ ಮೊಣಕೈ ಬಡಿದು, ಅವನು ಈಗಲೂ ಹಬ್ಬಕ್ಕೆ ಕೇಕು ಕಳಿಸುತ್ತಾನೆ. ಇಷ್ಟು ಖುಷಿಯಿಂದ ತನ್ನ ಕಳೆದುಹೋದ ವಸ್ತುಗಳ ಬಗ್ಗೆ ಮಾತಾಡುವವರನ್ನು ನಾನು ಕಂಡಿರಲಿಲ್ಲ. ನನ್ನ ಮನಸ್ಸು ಸ್ವಲ್ಪ ಕರಗಿತು. ಕೂಡಲೇ, ಇವನು ಫಾರ್ವರ್ಡ್ ಎಂದು ನೆನಪಿಸಿಕೊಂಡು ಗಟ್ಟಿಯಾದೆ.

ಕೆರೆಯ ಮೇಲೆ

ನಮ್ಮದು ಕೃಷ್ಣಾ ಹೊಳೆಯ ದಂಡೆಯ ಮನೆತನ. ಗಂಗೂನ ಅಪ್ಪ, ಅಂದರೆ ನನ್ನ ಭಾವ, ಈಗಿಲ್ಲ. ಹೊಳೆಯಲ್ಲಿ ಬಲೆ ಬೀಸಿಯೇ ಸಂಸಾರ ಮಾಡಿದವರು. ಇದನ್ನು ಕೇಳಿ ಎರಿಕ್ ನನ್ನನ್ನು ಮೀನು ಹಿಡಿಯಲು ಕರೆದುಕೊಂಡು ಹೋದ. ಗಂಗೂ ಮಾತು ತಿಳಿಸಿ ಹೇಳಲು ಜೊತೆಗೆ ಬಂದಳು.

ಕೆರೆ ಪೂರಾ ಹೆಪ್ಪುಗಟ್ಟಿತ್ತು. ಜನ ಅದರ ಮೇಲೆ ಜೀಪು ನಿಲ್ಲಿಸಿದ್ದರು. ನಮ್ಮವರಿಗೆ ನೀರೆಂದರೆ ಭಯವಿಲ್ಲ, ನಿಜ, ಆದರೆ ಅದು ನೀರಾಗಿದ್ದಾಗ. ಹೊಳೆಗೆ ಇಳಿಯುವ ಮೊದಲು ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ರೂಢಿ. ಅದನ್ನು ಬಿಡಬಾರದೆಂದು ನಾನು ಬಗ್ಗಿದೆ. ಬಗ್ಗಿದವನು ಹಾಗೇ ಕುಕ್ಕರಿಸಿದ ಭಂಗಿಯಲ್ಲೇ ಜಾರುತ್ತ ಜಾರುತ್ತ, ಬೇರೆಯವರು ಮೀನು ಹಿಡಿಯುತ್ತಿದ್ದ ಜಾಗದವರೆಗೆ ಹೋದೆ. ಅವರು ಎದ್ದು ನನಗೆ ನಮಸ್ಕಾರ ಹೇಳಿದರು. ಎರಿಕ್ ಬಂದು ಕೋಟಿನ ಕಾಲರು ಹಿಡಿದು ನನ್ನನ್ನು ತಿರುಗಿ ಎಳೆದುಕೊಂಡು ಹೋದ.

ಐಸಿನಲ್ಲಿ ಕೊಡದ ಬಾಯಿಯಷ್ಟು ತೂತು ಕೊರೆದು, ಅದರೊಳಗೆ ಗಾಳ ಬಿಟ್ಟು, ಬಕೆಟ್ಟುಗಳನ್ನು ಬೋರಲು ಹಾಕಿ ಕೂತೆವು. ಮಾತು ಆಟದ ಕಡೆ ಹೊರಳಿತು. ಇಂಥದೇ ಕೆರೆಯ ಮೇಲೆ, ಅಪ್ಪನ ಹೊಲದ ಹಿಂದೆ, ಎರಿಕ್ ಆಟ ಕಲಿತದ್ದು. ಮೀಸೆ ಮೂಡುವ ಮೊದಲೇ ಮನೆ ಬಿಟ್ಟು ಇನ್ನೊಂದು ಊರಿನಲ್ಲಿ, ಯಾರದೋ ಮನೆಯಲ್ಲಿದ್ದು ಆಡಿದ. ಎಲ್ಲರೂ ಟಿ.ವಿ.ಯಲ್ಲಿ ನೋಡುವ ದೊಡ್ಡ ಲೀಗಿಗೂ ಹೋದ. ಅಲ್ಲಿಯ ಮೊದಲ ವರ್ಷವೇ ಗೋಲುಗಳ ಸುರಿಮಳೆ, ಹುಡುಗರೆಲ್ಲ ಅವನ ನಂಬರಿನ ಅಂಗಿ ಹಾಕಿಕೊಂಡು ತಿರುಗಿದರು. ಆಮೇಲೆ ಮೊಣಕಾಲು ಕೈಕೊಟ್ಟಿತು. ಕೊಯ್ದರು, ಹೊಲಿದರು. ಕೆಳಗಿನ ಲೀಗಿಗೆ ಬಂದ. ಯುರೋಪಿಗೆ ಹೋಗಿ ಆಡಿ ಬಂದ. ಕೊನೆಗೆ ಈ ಊರಿನ ತಂಡ ಸೇರಿದ, ಇಲ್ಲಿಯೂ ಎಲ್ಲರಿಗಿಂತ ಹೆಚ್ಚು ಗೋಲು ಅವನದೇ. ಎರಡನೆಯ ಸಲ ಮೊಣಕಾಲು ಹೊಲಿಸಿಕೊಳ್ಳಲು ಹೋದಾಗ ಅಲ್ಲಿ ಗಂಗೂ ಸಿಕ್ಕಳು.

ಗೋಲ್‌ಕೀಪರನ ಹಳೇ ಹೊಟ್ಟೆಯುರಿ ನನ್ನನ್ನು ಸುಮ್ಮನಿರಗೊಡಲಿಲ್ಲ. “ಇಷ್ಟು ಗೋಲ್ ಹ್ಯಾಂಗ ಹೊಡೀತಾನಂತ ಕೇಳು,” ಎಂದೆ.

ಗಂಗೂ ಕೇಳಿ ಹೇಳಿದಳು: “ತಾ ಅಂಥಾ ಜೋರಿನವ ಅಲ್ಲಂತ್ರಿ. ತನಗಿಂತ ಜೋರ್ ಓಡೋರು, ತನಗಿಂತ ಚಲೋ ಹೊಡೆಯೋರು ಭಾಳ ಮಂದಿ ಅದಾರಂತ. ಗೋಲಿನ ಮುಂದ ಒಂದು ಜಾಗ ಅದ, ಅಲ್ಲಿ ನಿಂತ್ರ ಎಲ್ಲಾರೂ ಬಡೀತಾರ. ಅದಕ್ಕ ಯಾರೂ ನಿಂದ್ರಂಗಿಲ್ಲ. ತಾ ನಿಂದ್ರತಾನಂತ. ಬಡಿಸ್ಕೋತ ನಿಂತ್ರ ಬಿಲ್ಲೆ ತಾನೇ ಹುಡಿಕ್ಯಾಡಕೋತ ಬರ್ತದಂತ.”

ಆಮೇಲೆ ಎರಿಕ್ ಇನ್ನೇನೋ ಹೇಳಿದ. ಗಂಗೂ ಅದನ್ನು ಕನ್ನಡಕ್ಕೆ ತರಲಿಲ್ಲ. ತೂತಿನೊಳಗಿನ ದಾರವನ್ನೇ ನೋಡುತ್ತ ಕೂತಳು. ಅವನು ಮತ್ತೊಮ್ಮೆ ಹೇಳಿದ. ಅವಳು ತಲೆ ಅಲ್ಲಾಡಿಸಿದಳು. ಆಗ ಎರಿಕ್ ಬಕೆಟ್ಟಿನ ಮೇಲೆ ನನ್ನ ಕಡೆಗೇ ತಿರುಗಿ ಕೂತು, ನನ್ನ ಇಂಗ್ಲಿಷಿಗೂ ದಕ್ಕುವ ಹಾಗೆ, ಮೊಣಕಾಲು ತಟ್ಟಿ ತೋರಿಸುತ್ತ ಒಂದೊಂದೇ ಶಬ್ದ ಬಿಡಿಸಿ ಹೇಳಿದ: “ದಿಸ್ ಸಂಡೇ, ಲಾಸ್ಟ್ ಗೇಮ್. ನೆಕ್ಸ್ಟ್ ಇಯರ್, ನೋ ಟೀಮ್. ನೋ ಜಾಬ್.”

“ಆಮ್ಯಾಲ ಏನು ಮಾಡ್ತಾನ?” ಎಂದು ಗಂಗೂಗೆ ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಅವನಿಗೆ ಪ್ರಶ್ನೆ ಅರ್ಥವಾಗಿತ್ತು. ಎಲ್ಲರೂ ಅದನ್ನೇ ಕೇಳುತ್ತಿರಬೇಕು. “ಐ ಡೋಂಟ್ ನೋ ಸರ್,” ಎಂದ.

ನಾನು ಬಹಳ ವರ ನೋಡಿದವನು. ನಮ್ಮ ಕಡೆ ಯಾವ ವರನೂ ಗೊತ್ತಿಲ್ಲ ಎಂದದ್ದನ್ನು ಕೇಳಿಲ್ಲ. ಕೆಲಸವಿಲ್ಲದವನಿಗೆ ಮುಂದಿನ ತಿಂಗಳು ಪಕ್ಕಾ ಆಗುವ ಕೆಲಸವೊಂದು ಇದ್ದೇ ಇರುತ್ತದೆ.

“ನೀವು ಊರಿಗೆ ಹೋದ ಮ್ಯಾಲ ಹೇಳೋಣಂತ ನಾ ಅಂದಿದ್ದೆ,” ಎಂದಳು ಗಂಗೂ. ಅವಳ ರೆಪ್ಪೆಯ ಮೇಲಿನ ನೀರು ಅಲ್ಲೇ ಬಿಳಿಯಾಗಿತ್ತು. “ಮಾಮಾ, ನನಗ ನೌಕರಿ ಅದ. ನಮ್ಮಪ್ಪನ ಕೆಲಸ ಪ್ರತಿ ಬ್ಯಾಸಗಿಗೆ ಹೊಳಿ ಜೋಡಿ ಬತ್ತತಿತ್ತಲ್ಲ, ಆಗ ಯಾರರೆ ಅವ್ವಗ ಅಪ್ಪನ್ನ ಬಿಡು ಅಂದ್ರೇನು?”

ನಾನು ಗಾಳಕ್ಕೆ ಮೀನು ಸಿಕ್ಕಿತೆಂದು ಸುಮ್ಮಸುಮ್ಮನೆ ಎಳೆದೆ. ಬರಿಯ ಗಾಳ ಬಂತು.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿ ಇದ್ದುದೆಲ್ಲ ಇದ್ದ ಹಾಗೆ ಹೇಳಿದೆ. ಹಲ್ಲಿಲ್ಲ. ಬರುವ ವರ್ಷ ಕೆಲಸವೂ ಇಲ್ಲ. ಗಂಗೂ ಹೊಳೆಯ ಬಗ್ಗೆ ಹೇಳಿದ್ದನ್ನೂ ಹೇಳಿದೆ. “ಹೊಳಿ ಮಳಿಗಾಲಕ್ಕ ತಿರುಗಿ ಬರ್ತಿತ್ತು ತಮ್ಮಾ,” ಎಂದಳು ಅಕ್ಕ. “ಇಂವನ ಮೊಣಕಾಲ ತಿರುಗಿ ಬರ್ತಾವೇನು? ಟೊಪಗಿ ಹಂಗೇ ತಿರುಗಿ ತಾ.”

ಗಂಗೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ನನಗೆ ಚಹಾ ಮಾಡಿಕೊಟ್ಟಳು.

ಆಟದ ಅಂಗಳ

ಭಾನುವಾರ ಸಂಜೆ ಎರಿಕ್‌ನ ಕೊನೆಯ ಆಟ. ಹೋಗುವುದೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದೆ. ಗಂಗೂ ನನ್ನ ಕೋಟು ತಂದು ಮುಂದೆ ಹಿಡಿದಳು. ಕಿಸೆಯಲ್ಲಿ ಟೋಪಿ ಹಾಗೇ ಇತ್ತು. ಟವೆಲನ್ನು ಕಿವಿಗೆ ಸುತ್ತಿಕೊಂಡು ಹೊರಟೆ.

ಇಡೀ ಊರೇ ಅಲ್ಲಿ ಸೇರಿತ್ತು. ಮೇಲೆ ಛಾವಣಿಯಿಂದ ಮನೆಯ ಗೋಡೆಯಷ್ಟು ದೊಡ್ಡ ಪರದೆ ಇಳಿಬಿಟ್ಟಿದ್ದರು. ರಂಗಂಪೇಟೆಯಲ್ಲಿ ಆಗ ಬೆಳಿಗ್ಗೆ. ಗಂಗೂ ವಿಡಿಯೋ ಕಾಲ್ ಹಚ್ಚಿ ಫೋನನ್ನು ಎತ್ತಿ ಹಿಡಿದಳು. “ಅವ್ವಾ, ಬ್ಯಾಡ ಅಂದಿ, ಆತು. ಬ್ಯಾಡ ಅಂದದ್ದು ಯಾರನ್ನಂತ ಒಮ್ಮೆ ನೋಡು,” ಎಂದಳು. ಫೋನಿನಲ್ಲಿ ಅಕ್ಕನ ಮುಖದ ಅರ್ಧ ಭಾಗ ಮಾತ್ರ ಕಾಣುತ್ತಿತ್ತು.

ಆಟ ಶುರುವಾಯಿತು. ನನಗೆ ಬಿಲ್ಲೆ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಅಭ್ಯಾಸಬಲದಿಂದ ಎದುರಾಳಿಯ ಗೋಲ್‌ಕೀಪರನನ್ನೇ ನೋಡುತ್ತ ಕೂತೆ. ಪಾಪ, ಗಾದಿ ಸುತ್ತಿಕೊಂಡ ಹಾಗೆ ಮೈತುಂಬ ಕಟ್ಟಿಕೊಂಡು ನಿಂತಿದ್ದ. ಅವನು ಒಂದು ಗೋಲು ತಡೆದಾಗ ಚಪ್ಪಾಳೆ ತಟ್ಟಿದೆ, ಇಡೀ ಸಾಲು ತಿರುಗಿ ನನ್ನನ್ನು ನೋಡಿತು. ಎರಿಕ್ ಒಂದು ಗೋಲು ಹೊಡೆದ. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು. ನಾನು ಬಾಯಿ ಬಿಗಿದುಕೊಂಡು ಕೂತೆ.

ಕೊನೆಯ ಭಾಗದಲ್ಲಿ ಅವನು ಹೇಳಿದ್ದ ಆ ಜಾಗ ನನಗೆ ಕಂಡಿತು. ಗೋಲಿನ ಎದುರಿಗೆ ಎರಿಕ್ ಹೋಗಿ ನಿಂತ. ಒಬ್ಬ ಬೆನ್ನಿಗೆ ಕೋಲು ಅಡ್ಡ ಇಟ್ಟು ನೂಕಿದ. ಇನ್ನೊಬ್ಬ ಹೆಗಲು ಕೊಟ್ಟು ಗುದ್ದಿದ. ಗೋಲ್‌ಕೀಪರನೂ ಹಿಂದಿನಿಂದ ಕಾಲಿಗೆ ಬಾರಿಸಿದ, ಅದನ್ನು ನಾನೇ ಕಣ್ಣಾರೆ ನೋಡಿದೆ, ನಮ್ಮ ಪಂಗಡಕ್ಕೆ ಶೋಭೆ ತರುವಂಥದಲ್ಲ. ಎರಿಕ್ ಮೊಣಕಾಲೂರಿ ಬಿದ್ದ. ಹೊಲಿಗೆ ಹಾಕಿದ ಅದೇ ಮೊಣಕಾಲು. ಬಿದ್ದಲ್ಲಿಂದಲೇ ಕೋಲು ಚಾಚಿ ಬಿಲ್ಲೆಯನ್ನು ಒಳಗೆ ನೂಕಿದ.

ಜನ ಕಿರುಚುತ್ತ ಎದ್ದರು. ನನ್ನ ಪಕ್ಕದ ದಢೂತಿ ಮನುಷ್ಯ ತಲೆಯ ಟೋಪಿ ಕಿತ್ತು ಆಟದ ಅಂಗಳಕ್ಕೆ ಎಸೆದ. ಮುಂದಿನ ಸಾಲಿನವರೂ ಎಸೆದರು. ನಾಲ್ಕೂ ದಿಕ್ಕಿನಿಂದ ಟೋಪಿಗಳು ಎರಿಕ್‌ನ ಮೇಲೆ ಬೀಳತೊಡಗಿದವು.

ನಮ್ಮ ಕಡೆ ಒಬ್ಬನ ಟೋಪಿ ನೆಲಕ್ಕೆ ಬಿದ್ದರೆ ಮಾನವೇ ನೆಲಕ್ಕೆ ಬಿದ್ದ ಹಾಗೆ. ಆಡುವವನ ಮೇಲೆ ಏನಾದರೂ ಎಸೆದರೆ ಅದು ಊರೇ ಉಗಿದ ಲೆಕ್ಕ. ನನ್ನ ನೆತ್ತಿಗೆ ರಕ್ತ ಏರಿತು. ಜನ್ಮವೆಲ್ಲ ಇವರಿಗಾಗಿ ಹಲ್ಲು ಮುರಿಸಿಕೊಂಡವನಿಗೆ ಕೊನೆಯ ದಿನ ಇದೇನು? ಪಕ್ಕದವನು ಇನ್ನೊಂದು ಟೋಪಿ ಎತ್ತಿದಾಗ ಅವನ ರಟ್ಟೆ ಹಿಡಿದುಕೊಂಡೆ. “ಅಟೆನ್ಶನ್!” ಎಂದು ಗುಡುಗಿದೆ. “ಆ್ಯಸ್ ಯು ವರ್! ಏನ್ ಮಂದಿ ಅದೀರಿ ನೀವು? ಆಡೋ ಮನಿಷ್ಯಾಗ ಹಿಂಗ ಮಾಡ್ತಾರೇನ್ರಿ?”

ಅವನು ನಿಜಕ್ಕೂ ಅಟೆನ್ಶನ್‌ನಲ್ಲಿ ನಿಂತ.

“ಮಾಮಾ, ಬಿಡ್ರಿ ಅವರ ಕೈ!” ಗಂಗೂ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. “ಬೈಯಾಕತ್ತಿಲ್ಲ ಅವರು. ಒಬ್ಬನೇ ಮೂರು ಗೋಲ್ ಹೊಡದ್ರ ಇಲ್ಲಿ ಟೊಪಗಿ ಒಗೀತಾರ. ದೊಡ್ಡ ಮರ್ಯಾದಿ ಅದು. ಊರಿಗೂರೇ ಅವಗ ಟೊಪಗಿ ಕೊಡಾಕತ್ತದ.”

ನಾನು ಆ ಮನುಷ್ಯನ ಕೈ ಬಿಟ್ಟು, ಅವನ ತೋಳಿನ ನೆರಿಗೆ ಸರಿ ಮಾಡಿದೆ. ಆಗ ಹೊಳೆಯಿತು, ನಾನು ಒಬ್ಬ ಫಾರ್ವರ್ಡ್‌ನ ಪರವಾಗಿ, ಪರದೇಶದಲ್ಲಿ, ಊರೆಲ್ಲರ ಮೇಲೆ ಜಗಳಕ್ಕೆ ನಿಂತಿದ್ದೆ. ನಮ್ಮ ಮನೆಯವನಿಗೆ ಅಲ್ಲದೆ ಬೇರೆ ಯಾರಿಗೂ ನಾನು ಹಾಗೆ ಜಗಳ ಕಾಯುವವನಲ್ಲ. ಕೈ ತಾನಾಗಿಯೇ ಕೋಟಿನ ಕಿಸೆಗೆ ಹೋಯಿತು.

“ತಮ್ಮಾ,” ಎಂದಿತು ಫೋನು. “ಏನು ಮಾಡಾಕತ್ತಿ?”

ನಾನು ಟೋಪಿ ಎಸೆದೆ. ಗೋಲ್‌ಕೀಪರನಾಗಿ ಚೆಂಡು ಎಸೆದವನ ಕೈ, ಆದರೆ ಗಾಂಧಿ ಟೋಪಿಗೆ ತೂಕವೆಲ್ಲಿದೆ? ಅದು ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು ಮೂರು ಸಾಲು ಕೆಳಗೆ ಒಬ್ಬ ಮುದುಕಿಯ ಮಡಿಲಿಗೆ ಬಿತ್ತು. ಅವಳು ಎತ್ತಿ ಕೆಳಗಿನವರಿಗೆ ಕೊಟ್ಟಳು. ಅವರು ಅವರ ಕೆಳಗಿನವರಿಗೆ. ಹಾಗೆ ಕೈಯಿಂದ ಕೈಗೆ ಇಳಿದು, ಕೊನೆಗೆ ಗಾಜಿನ ಗೋಡೆ ದಾಟಿ ಐಸಿನ ಮೇಲೆ ಬಿತ್ತು. ಕರಿ, ಕೆಂಪು, ನೀಲಿ ಉಣ್ಣೆ ಟೋಪಿಗಳ ರಾಶಿಯ ಪಕ್ಕ ಅದೊಂದೇ ಬಿಳಿಯದು.

ಕೆಲಸದವರು ಸಲಿಕೆಯಿಂದ ಟೋಪಿಗಳನ್ನು ಬಳಿದು ತುಂಬುತ್ತಿದ್ದರು. ಎರಿಕ್ ಅವರನ್ನು ತಡೆದು, ಜಾರುತ್ತ ಬಂದು, ಬಗ್ಗಿ ಅದನ್ನು ಎತ್ತಿಕೊಂಡ. ನಮ್ಮ ಸಾಲಿನ ಕಡೆ ತಲೆ ಎತ್ತಿ ನೋಡಿದ. ಹೆಲ್ಮೆಟ್ಟು ತೆಗೆದು, ಬೆವರಿಳಿಯುವ ತಲೆಯ ಮೇಲೆ ಎರಡೂ ಕೈಯಿಂದ ಟೋಪಿ ಇಟ್ಟುಕೊಂಡು ನಕ್ಕ. ಆಡುವಾಗ ಅವನು ಹಲ್ಲು ಬಿಚ್ಚಿಟ್ಟಿರುತ್ತಾನೆ. ಮೇಲಿನ ಪರದೆಯ ತುಂಬ, ಗೋಡೆಯಷ್ಟು ದೊಡ್ಡದಾಗಿ, ಗಾಂಧಿ ಟೋಪಿ ಹಾಕಿದ ಬೊಚ್ಚು ಬಾಯಿಯ ನಗು ಮೂಡಿತು.

ಗಂಗೂ ಫೋನನ್ನು ಪರದೆಯ ಕಡೆ ಹಿಡಿದೇ ಇದ್ದಳು. ನಾನು ಅಕ್ಕನ ಮಾತು ಮೀರಿದ್ದೆ, ಅದೂ ಅವಳ ಕಣ್ಣೆದುರಿಗೇ.

“ಬಾಯಿ ತಗದ ನಗಾಕತ್ತಾನಲ್ಲ,” ಎಂದಳು ಕೊನೆಗೆ ಅಕ್ಕ.

“ಹೂಂ ಅಕ್ಕಾ.”

“ಮತ್ತ ನೀ ಯಾಕ ಸುಮ್ಮ ನಿಂತಿ? ಬರೇ ಟೊಪಗಿ ಕೊಟ್ರ ಅರ್ಧ ಮರ್ಯಾದಿ ಮಾಡಿದಂಗ ಆಗ್ತದ. ನಾಳಿ ಮಂದಿ ನನಗ ಅಂತಾರ.” ಅವಳ ದನಿ ಒಡೆಯಿತು, ಅದನ್ನು ಮುಚ್ಚಲು ಇನ್ನೂ ಜೋರಾಗಿ ಬೈದಳು. “ಕಿವಿಯಿಂದ ಆ ಟಾವೆಲ್ ಬಿಚ್ಚು, ಒಗಿ ಅದನ್ನೂ.”

ಆ ಚಳಿಯಲ್ಲಿ ಕಿವಿ ಬಿಚ್ಚಿಕೊಂಡು ನಾನು ಟವೆಲ್ ಎಸೆದೆ.